ಎಂಜಿಬಿಗೆ ಎಲೆಕ್ಟ್ರಾನಿಕ್ ಇಗ್ನಿಷನ್ ಕಿಟ್: ಕಾರವಾರದ ಉಪ್ಪುಗಾಳಿಯಲ್ಲಿ ಹಾಕಿಸಬಹುದೇ?

ಮೊದಲಿಗೇ ತೀರ್ಪು ಹೇಳಿಬಿಡೋಣ. ಕಿಟ್ ಚೆನ್ನಾಗಿದೆ, ಕೊಳ್ಳಬಹುದು. ಆದರೆ ಕಾರವಾರ, ಅಂಕೋಲಾ, ಕುಮಟಾ ಕಡೆ ಸಮುದ್ರದ ಗಾಳಿ ಕುಡಿದು ನಿಂತ ಗಾಡಿಗೆ ಈ ಕಿಟ್ ತರಿಸುವ ಮುಂಚೆ ಒಂದು ಮಲ್ಟಿಮೀಟರ್, ಎರಡು ಹಾಳೆ ಎಮರಿ ಪೇಪರ್, ಒಂದು ಡಬ್ಬಿ ಪೆಟ್ರೋಲಿಯಂ ಜೆಲ್ಲಿ ತೆಗೆದುಕೊಳ್ಳಿ. ಈ ಕಿಟ್ ಯಾವುದರ ಬದಲಿಗೆ ಬರುತ್ತದೋ ಆ ಸಿಬಿ ಪಾಯಿಂಟ್ (ತೆರೆದು ಮುಚ್ಚುತ್ತಾ ಪ್ಲಗ್‌ಗೆ ಕಿಡಿ ಹುಟ್ಟಿಸುವ ಕಾಂಟ್ಯಾಕ್ಟ್ ಬ್ರೇಕರ್) ಮೇಲೆ ಬರುವ ದೂರುಗಳಲ್ಲಿ ಬಹುಪಾಲು ನಿಜವಾಗಿ ಅರ್ಥಿಂಗ್‌ನದ್ದು, ಇಲ್ಲವೇ ಕಾಯಿಲ್‌ಗೆ ಕರೆಂಟ್ ತರುವ ಬಿಳಿ ತಂತಿಯದ್ದು. ಅದನ್ನು ಸರಿಮಾಡದೆ ಕಿಟ್ ಕೂರಿಸಿದರೆ ದುಡ್ಡೂ ಹೋಗುತ್ತದೆ, ಮಿಸ್ಸಿಂಗೂ ಉಳಿಯುತ್ತದೆ.

ಇಲ್ಲಿ ನೋಡುತ್ತಿರುವುದು ಡಿಸ್ಟ್ರಿಬ್ಯೂಟರ್ (ಪ್ಲಗ್‌ಗಳಿಗೆ ಸರದಿಯಂತೆ ಕಿಡಿ ಹಂಚುವ ಭಾಗ) ಒಳಗೇ ಕೂರುವ ಹಾಲ್ ಎಫೆಕ್ಟ್ ಮಾದರಿಯ, ಅಂದರೆ ಅಯಸ್ಕಾಂತ ಎದುರು ಹಾದುಹೋಗುವುದನ್ನು ಗ್ರಹಿಸಿ ಕೆಲಸ ಮಾಡುವ ಕಿಟ್. ಇದರಲ್ಲಿ ಹೆಚ್ಚು ಹೆಸರು ಮಾಡಿದ್ದು ಪರ್ಟ್ರಾನಿಕ್ಸ್ ಇಗ್ನೈಟರ್. ಇದೇ ತತ್ವದ ಬೇರೆ ಕಂಪನಿಗಳ ಕಿಟ್‌ಗಳೂ ಸಿಗುತ್ತವೆ. ಗಾಡಿ ಎಂಜಿಬಿ: 1962ರಿಂದ 1980ರವರೆಗೆ ತಯಾರಾದ 1798 ಸಿಸಿಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು. ಇದರ ಬಿ ಸೀರೀಸ್ ಎಂಜಿನ್ ನಮ್ಮವರಿಗೆ ಹೊಸದೇನಲ್ಲ. ಹಳೆಯ ಪೆಟ್ರೋಲ್ ಅಂಬಾಸಡರ್‌ನ 1489 ಸಿಸಿ ಎಂಜಿನ್ ಇದೇ ಮನೆತನದ್ದು, ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಲ್ಲಿ ಕಿಡಿ ಬೀಳುವ ಸರದಿ) ಕೂಡ ಅದೇ 1-3-4-2. ಅಂಬಾಸಡರ್ ಟ್ಯೂನ್ ಮಾಡಿ ಕೈ ಪಳಗಿದ ಮೇಸ್ತ್ರಿ ಶಿರಸಿಯಲ್ಲೋ ಹುಬ್ಬಳ್ಳಿಯಲ್ಲೋ ಇನ್ನೂ ಇದ್ದರೆ, ವಿದೇಶಿ ಗಾಡಿ ಎಂದು ಅವರು ಹೆದರಬೇಕಾದ್ದಿಲ್ಲ, ನೀವೂ ಹೆದರಬೇಕಾದ್ದಿಲ್ಲ.

ಕಿಟ್‌ನಲ್ಲಿ ಬರುವುದು ಎರಡೇ ವಸ್ತು. ಒಂದು, ನಾಲ್ಕು ಅಯಸ್ಕಾಂತಗಳಿರುವ ಉಂಗುರ. ಪಾಯಿಂಟ್ ತೆರೆಯುವ ಕ್ಯಾಮ್‌ನ ಮೇಲೆ ಇದು ಕೂರುತ್ತದೆ. ಇನ್ನೊಂದು, ಪಾಯಿಂಟ್ ಇದ್ದ ಜಾಗಕ್ಕೆ ಬರುವ ಪುಟ್ಟ ಮಾಡ್ಯೂಲ್. ಅದರಿಂದ ಕೆಂಪು, ಕಪ್ಪು ಎರಡು ತಂತಿ ಹೊರಬರುತ್ತವೆ. ಕಂಡೆನ್ಸರ್ ಬೇಕಿಲ್ಲ. ಮುಚ್ಚಳ ಹಾಕಿದ ಮೇಲೆ ಹೊರಗಿನಿಂದ ನೋಡಿದರೆ ಗೊತ್ತೇ ಆಗುವುದಿಲ್ಲ. ಹಳೆಯ ಗಾಡಿಯ ಅಂದ ಕೆಡಬಾರದು ಎನ್ನುವವರಿಗೆ ಇದೊಂದು ಸಮಾಧಾನ.

ಲಾಭ ನಿಜವಾದದ್ದೇ. ಪಾಯಿಂಟ್‌ಗೆ 0.014 ರಿಂದ 0.016 ಇಂಚು, ಅಂದರೆ 0.35 ರಿಂದ 0.40 ಮಿ.ಮೀ. ಗ್ಯಾಪ್ ಬೇಕು. ಪಾಯಿಂಟ್‌ನ ಹೀಲ್ ಕ್ಯಾಮ್‌ಗೆ ಉಜ್ಜಿ ಸವೆದಂತೆ ಗ್ಯಾಪ್ ಚಿಕ್ಕದಾಗುತ್ತದೆ, ಡ್ವೆಲ್ (ಪಾಯಿಂಟ್ ಮುಚ್ಚಿರುವ ಅವಧಿ) ಹೆಚ್ಚುತ್ತದೆ, ಟೈಮಿಂಗ್ ಹಿಂದಕ್ಕೆ ಸರಿಯುತ್ತದೆ. ಹಾಲ್ ಕಿಟ್‌ನಲ್ಲಿ ಉಜ್ಜುವ ಭಾಗವೇ ಇಲ್ಲ. ಕರಾವಳಿಯಲ್ಲಿ ಇನ್ನೂ ಒಂದು ಲಾಭ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್‌ನಲ್ಲಿ ಮುಚ್ಚಿಟ್ಟ ಗಾಡಿಯ ಪಾಯಿಂಟ್ ಮುಖದ ಮೇಲೆ ತೆಳುವಾಗಿ ಆಕ್ಸೈಡ್ ಪದರ ಕಟ್ಟುತ್ತದೆ. ದಸರೆಗೆ ಹೊರಗೆ ತೆಗೆದಾಗ ಸೆಲ್ಫ್ ಹೊಡೆಯುತ್ತದೆ, ಎಂಜಿನ್ ಹಿಡಿಯುವುದಿಲ್ಲ. ಸ್ವಚ್ಛ ಕಾಗದದ ಪಟ್ಟಿಯನ್ನು ಪಾಯಿಂಟ್ ಮಧ್ಯೆ ಎಳೆದರೆ ಮತ್ತೆ ಓಡುತ್ತದೆ. ಕಿಟ್ ಹಾಕಿದವರಿಗೆ ಈ ಕಾಟ ತಪ್ಪುತ್ತದೆ.

ಇನ್ನು ಕೊಳ್ಳುವ ಮುಂಚಿನ ಪರೀಕ್ಷೆ. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಬ್ಯಾಟರಿ ನಿಂತಾಗ 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಹೋದರೆ ಬ್ಯಾಟರಿ ಅಥವಾ ಕೇಬಲ್ ಸರಿಯಿಲ್ಲ. 1974ರವರೆಗಿನ ಗಾಡಿಗಳಲ್ಲಿ ಸೀಟಿನ ಹಿಂದೆ 6 ವೋಲ್ಟ್‌ನ ಎರಡು ಬ್ಯಾಟರಿ ಸರಣಿಯಲ್ಲಿ ಇರುತ್ತವೆ. ಎರಡರ ನಡುವಿನ ಕೊಂಡಿ ಕೇಬಲ್‌ನ ತುದಿಯನ್ನು ಕಳಚಿ ನೋಡಿ. ಮೇಲೆ ಹೊಳೆಯುತ್ತಿದ್ದರೂ ಒಳಗೆ ಬೂದಿ ಬಣ್ಣದ ಪುಡಿ ತುಂಬಿರುವುದು ಇಲ್ಲಿ ಸಾಮಾನ್ಯ.

ಅರ್ಥಿಂಗ್ ನೋಡಲು ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಅರ್ಥ್ ಪೋಸ್ಟಿಗೆ, ಇನ್ನೊಂದು ಎಂಜಿನ್ ಬ್ಲಾಕಿನ ಬರಿ ಕಬ್ಬಿಣಕ್ಕೆ ಇಟ್ಟು, ಕಾಯಿಲ್‌ನ ದಪ್ಪ ವೈರನ್ನು ಅರ್ಥ್ ಮಾಡಿ, ಇನ್ನೊಬ್ಬರಿಂದ ಸೆಲ್ಫ್ ಹೊಡೆಸಿ. 0.2, 0.3 ವೋಲ್ಟ್ ಬಂದರೆ ಚಿಂತೆಯಿಲ್ಲ. ಒಂದು ವೋಲ್ಟ್ ದಾಟಿದರೆ ಎಂಜಿನ್ನಿಗೂ ಬಾಡಿಗೂ ಇರುವ ಹೆಣೆದ ಪಟ್ಟಿ ತುಕ್ಕು ಹಿಡಿದಿದೆ, ಅಥವಾ ಎಂಜಿನ್ ಇಳಿಸಿದ ಯಾರೋ ಅದನ್ನು ವಾಪಸ್ ಹಾಕಿಯೇ ಇಲ್ಲ. ರಬ್ಬರ್ ಮೌಂಟ್‌ಗಳ ಮೇಲೆ ಕೂತ ಎಂಜಿನ್ನಿಗೆ ಬೇರೆ ಅರ್ಥ್ ದಾರಿ ಇಲ್ಲದಿದ್ದರೆ ಸೆಲ್ಫ್‌ನ ಕರೆಂಟ್ ಚೋಕ್ ಕೇಬಲ್, ಎಕ್ಸಲರೇಟರ್ ಕೇಬಲ್ ಹಿಡಿದು ಹರಿಯುತ್ತದೆ. ಸೆಲ್ಫ್ ಹೊಡೆದ ಮೇಲೆ ಚೋಕ್ ಕೇಬಲ್ ಮುಟ್ಟಿದರೆ ಬಿಸಿ ಇದೆಯೇ? ಹಾಗಾದರೆ ರೋಗ ಅಲ್ಲೇ ಸಿಕ್ಕಿತು.

ಬಿಳಿ ತಂತಿ. ಈ ಗಾಡಿಗೆ ವಿದ್ಯುತ್ ಭಾಗಗಳನ್ನು ಕೊಟ್ಟ ಲೂಕಾಸ್ ಕಂಪನಿಯ ವೈರಿಂಗ್‌ನಲ್ಲಿ ಕಂದು ಸದಾ ಜೀವಂತ, ಬಿಳಿ ಎಂದರೆ ಕೀ ತಿರುಗಿಸಿದಾಗ ಬರುವ ಫ್ಯೂಸಿಲ್ಲದ ಫೀಡ್, ಹಸಿರು ಅದರ ಫ್ಯೂಸ್ ಆದ ಶಾಖೆ, ನೇರಳೆ ಸದಾ ಜೀವಂತ ಆದರೆ ಫ್ಯೂಸ್ ಇರುವುದು, ಕಪ್ಪು ಅರ್ಥ್. ಕೀ ಆನ್ ಮಾಡಿ, ಪಾಯಿಂಟ್ ಮುಚ್ಚಿದ ಸ್ಥಿತಿಯಲ್ಲಿ, ಬ್ಯಾಟರಿ ಪ್ಲಸ್ಸಿಗೂ ಕಾಯಿಲ್ ಪ್ಲಸ್ಸಿಗೂ ನಡುವೆ ಮೀಟರ್ ಇಡಿ. ಬ್ಯಾಲಸ್ಟ್ (ಕಾಯಿಲ್‌ಗೆ ಹೋಗುವ ವೋಲ್ಟೇಜ್ ಇಳಿಸುವ ರೆಸಿಸ್ಟನ್ಸ್) ಇಲ್ಲದ ಗಾಡಿಯಲ್ಲಿ ಅರ್ಧ ವೋಲ್ಟ್ ಒಳಗೆ ಇರಬೇಕು. ಒಂದೂವರೆ, ಎರಡು ವೋಲ್ಟ್ ಕಳೆದುಹೋಗುತ್ತಿದ್ದರೆ ಇಗ್ನಿಷನ್ ಸ್ವಿಚ್ ಅಥವಾ ಬುಲೆಟ್ ಕನೆಕ್ಟರ್ ತಿನ್ನುತ್ತಿದೆ.

ಈ ಬುಲೆಟ್ ಕನೆಕ್ಟರ್‌ಗಳನ್ನು ಕಾರವಾರದ ಗಾಡಿಯಲ್ಲಿ ಒಂದೊಂದಾಗಿ ಎಳೆದು ನೋಡಬೇಕು. ಕಪ್ಪು ರಬ್ಬರ್ ತೋಳಿನ ಒಳಗೆ ಲೋಹದ ಕೊಳವೆ, ಅದರೊಳಗೆ ಎರಡೂ ಕಡೆಯಿಂದ ಹಿತ್ತಾಳೆಯ ತುದಿ. ರಬ್ಬರ್ ಸಡಿಲವಾದಲ್ಲಿ ಉಪ್ಪಿನ ತೇವ ನುಗ್ಗಿ ಹಿತ್ತಾಳೆ ಮೇಲೆ ಹಸಿರು ಕಿಲುಬು, ಕೊಳವೆಯ ಮೇಲೆ ತುಕ್ಕು. ಎಳೆದಾಗ ತಂತಿ ತುದಿಯಲ್ಲೇ ಕಪ್ಪಾಗಿ ಮುರಿದು ಕೈಗೆ ಬಂದರೆ ಆಶ್ಚರ್ಯಪಡಬೇಡಿ. ಕಪ್ಪಾದಷ್ಟು ಕತ್ತರಿಸಿ, ಹೊಸ ಬುಲೆಟ್ ಬೆಸುಗೆ ಹಾಕಿ, ಹೊಸ ತೋಳು ತೊಡಿಸಿ, ಪೆಟ್ರೋಲಿಯಂ ಜೆಲ್ಲಿ ಹಚ್ಚಿ ಸೇರಿಸಿ. ಫ್ಯೂಸ್ ಪೆಟ್ಟಿಗೆಯ ಕ್ಲಿಪ್‌ಗಳಿಗೂ ಇದೇ ಉಪಚಾರ. ಗಾಜಿನ ಫ್ಯೂಸ್ ಮೇಲೆ 35 ಎಂದಿದ್ದರೆ ಅದು ಸುಡುವ ಮಟ್ಟ. ಲೂಕಾಸ್ ಲೆಕ್ಕದಲ್ಲಿ ನಿರಂತರ ಹೊರುವುದು 17 ಆಂಪಿಯರ್. ಇಲ್ಲಿನ ಅಂಗಡಿಯಲ್ಲಿ 35 ಎಂದು ಕೇಳಿ ನಿರಂತರ ರೇಟಿಂಗ್‌ನ ಫ್ಯೂಸ್ ತಂದು ಹಾಕಿದರೆ ಫ್ಯೂಸ್ ಉಳಿದು ವೈರಿಂಗ್ ಸುಡುತ್ತದೆ.

ಒಂದು ಸುಲಭ ಕುರುಹು: ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಎಸ್‌ಯು ಕಂಪನಿಯ ಪಂಪಿಗೂ ಕರೆಂಟ್ ಬರುವುದು ಇದೇ ಬಿಳಿ ಸರ್ಕ್ಯೂಟಿನಿಂದ. ಕೀ ಆನ್ ಮಾಡಿದಾಗ ಹಿಂಬದಿಯಿಂದ ಟಿಕ್ ಟಿಕ್ ಎಂದು ವೇಗವಾಗಿ ಶುರುವಾಗಿ, ನಿಧಾನವಾಗಿ ನಿಲ್ಲಬೇಕು. ಟಿಕ್ಕೂ ಇಲ್ಲ, ಡ್ಯಾಶ್‌ಬೋರ್ಡಿನ ಕೆಂಪು ದೀಪವೂ ಇಲ್ಲ ಎಂದರೆ ಡಿಸ್ಟ್ರಿಬ್ಯೂಟರ್ ಮುಟ್ಟುವ ಅಗತ್ಯವೇ ಇಲ್ಲ. ಸ್ವಿಚ್ಚಿನ ಹಿಂದೆ ಹೋಗಿ. ಟಿಕ್ ನಿಲ್ಲದೆ ಹೊಡೆಯುತ್ತಲೇ ಇದ್ದರೆ ಟ್ಯಾಂಕ್ ಖಾಲಿ, ಇಲ್ಲವೇ ಎಲ್ಲೋ ಗಾಳಿ ಎಳೆಯುತ್ತಿದೆ.

ಇಷ್ಟು ಮಾಡಿದ ಮೇಲೂ ಕಿಟ್ ಬೇಕು ಅನಿಸಿದರೆ, ಯಾವುದನ್ನು ತರಿಸಬೇಕು ಎಂಬುದು ಮುಂದಿನ ಪ್ರಶ್ನೆ. ಹೆಚ್ಚಿನವರು ಎಡವುವುದು ಇಲ್ಲೇ.

1967ರ ವರೆಗಿನ ಎಂಜಿಬಿ ಪಾಸಿಟಿವ್ ಅರ್ಥ್, ಡೈನಮೊ ಇರುವ ಗಾಡಿ. ಆಲ್ಟರ್ನೇಟರ್ ಜೊತೆ ನೆಗೆಟಿವ್ ಅರ್ಥ್ ಬಂದಿದ್ದು ಮಾರ್ಕ್ 2ರಿಂದ. ಎರಡಕ್ಕೂ ಕಿಟ್ ಬೇರೆ ಬೇರೆ. ತಂತಿ ಅದಲುಬದಲಾದರೆ ಮಾಡ್ಯೂಲ್ ಕ್ಷಣದಲ್ಲಿ ಸತ್ತುಹೋಗುತ್ತದೆ, ವಾರಂಟಿಯೂ ಬರುವುದಿಲ್ಲ. ನಡುವೆ ಯಾರಾದರೂ ಗಾಡಿಯನ್ನು ನೆಗೆಟಿವ್‌ಗೆ ಬದಲಿಸಿರಲೂಬಹುದು, ಆದ್ದರಿಂದ ಆರ್‌ಸಿಯಲ್ಲಿರುವ ವರ್ಷ ನಂಬದೆ ಬ್ಯಾಟರಿಯ ಯಾವ ಪೋಸ್ಟನ್ನು ಗಾಡಿಯ ಮೈಗೆ ಜೋಡಿಸಿದೆ ಎಂದು ಕಣ್ಣಾರೆ ನೋಡಿ. ಆಮೇಲೆ ಡಿಸ್ಟ್ರಿಬ್ಯೂಟರ್ ಮೈಮೇಲಿನ ಅಚ್ಚು ಓದಿ: 25ಡಿ4 ಅಥವಾ 45ಡಿ4. ಕಿಟ್‌ನ ತಳದ ಪ್ಲೇಟ್ ಇವೆರಡಕ್ಕೆ ಬೇರೆ. ಅಮೆರಿಕದ ಮಾರುಕಟ್ಟೆಗೆ ಹೋದ 1975ರ ನಂತರದ ಗಾಡಿಗಳಲ್ಲಿ ಕಂಪನಿಯೇ ಹಾಕಿದ 45ಡಿಇ4 ಎಂಬ ಎಲೆಕ್ಟ್ರಾನಿಕ್ ಡಿಸ್ಟ್ರಿಬ್ಯೂಟರ್ ಇರುತ್ತದೆ. ಅದಕ್ಕೆ ಪಾಯಿಂಟ್ ಕಿಟ್ ಹೊಂದುವುದಿಲ್ಲ.

ಕಾಯಿಲ್ ಅಳೆಯಿರಿ. ತಂತಿಗಳನ್ನು ಕಳಚಿ ಪ್ಲಸ್–ಮೈನಸ್ ನಡುವೆ ಮೀಟರ್ ಇಟ್ಟರೆ ಸುಮಾರು 3 ಓಮ್ ಬಂದರೆ ನೇರ 12 ವೋಲ್ಟ್ ಕಾಯಿಲ್. ಸುಮಾರು 1.5 ಓಮ್ ಬಂದರೆ ಬ್ಯಾಲಸ್ಟ್ ಕಾಯಿಲ್; ರಬ್ಬರ್ ಬಂಪರ್ ಗಾಡಿಗಳಲ್ಲಿ (1974ರ ನಂತರದವು) ಇದೇ ಇರುತ್ತದೆ, ಬ್ಯಾಲಸ್ಟ್ ಎಂಬುದು ವೈರಿಂಗ್ ಒಳಗೇ ಅಡಗಿದ ರೆಸಿಸ್ಟನ್ಸ್ ತಂತಿ. ನಾಲ್ಕು ಸಿಲಿಂಡರಿಗೆ ಕಿಟ್ ಬಯಸುವುದು 3 ಓಮ್ ಕಾಯಿಲ್. ಲೆಕ್ಕ ಸರಳ: 12 ವೋಲ್ಟಿಗೆ 3 ಓಮ್ ಎಂದರೆ 4 ಆಂಪಿಯರ್, 1.5 ಓಮ್ ಎಂದರೆ 8 ಆಂಪಿಯರ್. ಎಂಟು ಆಂಪಿಯರ್ ಹೊತ್ತು ಆ ಪುಟ್ಟ ಮಾಡ್ಯೂಲ್ ಬದುಕುವುದಿಲ್ಲ. ಬ್ಯಾಲಸ್ಟ್ ಕಾಯಿಲ್ ಉಳಿಸಿಕೊಳ್ಳುವುದಾದರೆ ಕಾಯಿಲಿನ ಫೀಡ್ ಹಾಗೇ ಇರಲಿ. ಕಿಟ್‌ನ ಕೆಂಪು ತಂತಿಯನ್ನು ಮಾತ್ರ ಬ್ಯಾಲಸ್ಟ್‌ಗಿಂತ ಮುಂಚಿನ ಪೂರ್ಣ 12 ವೋಲ್ಟ್ ಬಿಳಿ ಫೀಡಿಗೆ ಕೊಡಬೇಕು. ಬ್ಯಾಲಸ್ಟ್ ನಂತರ ಕೊಟ್ಟರೆ ಸೆಲ್ಫ್ ಬಿಟ್ಟ ಕೂಡಲೇ ವೋಲ್ಟೇಜ್ ಬಿದ್ದು ಎಂಜಿನ್ ಮಿಸ್ ಹೊಡೆಯುತ್ತದೆ.

ಕೂರಿಸುವ ಕೆಲಸ ಅರ್ಧ ಗಂಟೆಯದ್ದು, ಆದರೆ ಕ್ರಮ ತಪ್ಪಬಾರದು. ಬ್ಯಾಟರಿ ಕಳಚಿ. ಮುಚ್ಚಳ ತೆಗೆದು ರೋಟರ್ ಎತ್ತ ನೋಡುತ್ತಿದೆ ಎಂದು ಡಿಸ್ಟ್ರಿಬ್ಯೂಟರ್ ಅಂಚಿನ ಮೇಲೆ ಗುರುತು ಹಾಕಿ. ಪಾಯಿಂಟ್, ಕಂಡೆನ್ಸರ್ ತೆಗೆಯಿರಿ; ತಿರುಪು ಒಳಗೆ ಬೀಳದಂತೆ ಕೆಳಗೆ ಬಟ್ಟೆ ತುರುಕಿ. ಈಗ ಬೇಸ್ ಪ್ಲೇಟ್ ನೋಡಿ. ವ್ಯಾಕ್ಯೂಮ್ ಎಳೆದಾಗ ತಿರುಗುವ ಮೇಲಿನ ಪ್ಲೇಟಿನಿಂದ ಡಿಸ್ಟ್ರಿಬ್ಯೂಟರ್ ಮೈಗೆ, ಬಟ್ಟೆ ಸುತ್ತಿದ ಬೆರಳುದ್ದದ ಮೆತ್ತನೆಯ ಅರ್ಥ್ ತಂತಿ ಇದೆ. ಹೊರಗೆ ಹೊದಿಕೆ ಚೆನ್ನಾಗಿದ್ದು ಒಳಗಿನ ಎಳೆಗಳು ತುಂಡಾಗಿರುವುದು ಇದರ ಹಳೆಯ ಚಾಳಿ. ಎಳೆದರೆ ರಬ್ಬರಿನಂತೆ ಉದ್ದವಾದರೆ ಒಳಗೆ ತಾಮ್ರ ಇಲ್ಲವೆಂದೇ ಅರ್ಥ. ಮಾಡ್ಯೂಲಿನ ಕರೆಂಟ್ ವಾಪಸಾಗುವುದೂ ಈ ತಂತಿಯ ಮೂಲಕವೇ. ಇದು ಹೋದರೆ ಐಡಲಿಂಗ್‌ನಲ್ಲಿ ಸರಿಯಾಗಿದ್ದು, ಎಕ್ಸಲರೇಟರ್ ಒತ್ತಿ ಬಿಟ್ಟಾಗ ಪ್ಲೇಟ್ ತಿರುಗಿ ಕಟ್ ಆಗುತ್ತದೆ. ಎಷ್ಟೋ ಒಳ್ಳೆಯ ಮಾಡ್ಯೂಲ್‌ಗಳು ಈ ಎರಡು ಇಂಚಿನ ತಂತಿಯಿಂದಾಗಿ ಕಸದ ಬುಟ್ಟಿ ಸೇರಿವೆ.

ಮಾಡ್ಯೂಲ್ ಬಿಗಿದು, ಅಯಸ್ಕಾಂತದ ಉಂಗುರವನ್ನು ಕ್ಯಾಮ್‌ಗೆ ಪೂರ್ತಿ ಕೆಳಗೆ ಒತ್ತಿ. ಕಿಟ್ ಜೊತೆ ಪ್ಲಾಸ್ಟಿಕ್ ಗೇಜ್ ಬಂದಿದ್ದರೆ ಅದರಿಂದಲೇ ಗ್ಯಾಪ್ ಇಡಿ. ತಂತಿಗಳು ರೋಟರಿಗೆ ತಾಗದಂತೆ, ಪ್ಲೇಟ್ ತಿರುಗುವಾಗ ಎಳೆಯದಂತೆ ಸ್ವಲ್ಪ ಸಡಿಲ ಬಿಡಿ. ನೆಗೆಟಿವ್ ಅರ್ಥ್ ಗಾಡಿಯಲ್ಲಿ ಕೆಂಪು ಕಾಯಿಲ್ ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಪ್ಲಗ್ ಗ್ಯಾಪ್ 0.025 ಇಂಚು, ಸುಮಾರು 0.63 ಮಿ.ಮೀ. ಬರಿ ತಾಮ್ರದ ಪ್ಲಗ್ ವೈರ್ ಮಾತ್ರ ಬೇಡ. ಅದರ ವಿದ್ಯುತ್ ಗದ್ದಲ ಮಾಡ್ಯೂಲಿನ ತಲೆ ಕೆಡಿಸುತ್ತದೆ. ಸಪ್ರೆಸರ್ ವೈರ್, ಅಥವಾ ಎನ್‌ಜಿಕೆ ಬಿಪಿಆರ್6ಇಎಸ್‌ನಂಥ ರೆಸಿಸ್ಟರ್ ಪ್ಲಗ್ ಹಾಕಿ.

ಟೈಮಿಂಗ್ ಹೊಸದಾಗಿ ಇಡಲೇಬೇಕು. ಬಲ್ಬ್ ಇಟ್ಟು ನಿಂತಲ್ಲೇ ಟೈಮಿಂಗ್ ನೋಡುವ ಹಳೆಯ ಪದ್ಧತಿ ಇಲ್ಲಿ ನಂಬಿಕೆಗೆ ಸಾಲದು, ಸ್ಟ್ರೋಬ್ ಲೈಟ್ ಬೇಕು. ವ್ಯಾಕ್ಯೂಮ್ ಪೈಪ್ ಕಳಚಿ ಮುಚ್ಚಿ, ನಿಮ್ಮ ಎಂಜಿನ್ ನಂಬರಿನ ಪಟ್ಟಿಯಲ್ಲಿರುವ ಡಿಗ್ರಿಗೆ ಇಡಿ. ಮೊದಲ ಕಾಲದ ಹೈ ಕಂಪ್ರೆಷನ್ ಎಂಜಿನ್ನಿಗೆ 600 ಆರ್‌ಪಿಎಮ್‌ನಲ್ಲಿ ಟಿಡಿಸಿಗಿಂತ (ಪಿಸ್ಟನ್ ತುತ್ತತುದಿಗೆ ಬರುವ ಸ್ಥಾನ) 14 ಡಿಗ್ರಿ ಮುಂಚೆ. ಆಮೇಲೆ ನಿಧಾನಕ್ಕೆ ಆರ್‌ಪಿಎಮ್ ಏರಿಸಿ: ಗುರುತು ನುಣ್ಣಗೆ ಮುಂದಕ್ಕೆ ಸರಿಯಬೇಕು. ಜಿಗಿದರೆ, ಅಥವಾ ಅಲ್ಲೇ ನಿಂತರೆ, ವೇಗ ಏರಿದಂತೆ ಟೈಮಿಂಗ್ ಮುಂದಕ್ಕೆ ಸರಿಸುವ ಡಿಸ್ಟ್ರಿಬ್ಯೂಟರ್ ಒಳಗಿನ ತೂಕಗಳು ಅಂಟಿಕೊಂಡಿವೆ. ಎಂಜಿನ್ ನಿಲ್ಲಿಸಿ ರೋಟರನ್ನು ಕೈಯಿಂದ ಅಪ್ರದಕ್ಷಿಣವಾಗಿ ತಿರುಗಿಸಿ ಬಿಟ್ಟರೆ ಸ್ಪ್ರಿಂಗ್ ಅದನ್ನು ಚಕ್ಕನೆ ವಾಪಸ್ ಎಳೆಯಬೇಕು. ಮಳೆಗಾಲ ಕಳೆದ ಗಾಡಿಗಳಲ್ಲಿ ಎಳೆಯುವುದಿಲ್ಲ. ರೋಟರ್ ಕೆಳಗಿನ ತಿರುಪಿನ ಬಳಿ ನಾಲ್ಕು ಹನಿ ಎಂಜಿನ್ ಆಯಿಲ್ ಬಿಟ್ಟು ಆಡಿಸಿ. ಕಿಟ್ ಎಷ್ಟೇ ದುಬಾರಿ ಇರಲಿ, ಈ ತೂಕಗಳನ್ನು ಅದು ಬಿಡಿಸಿಕೊಡುವುದಿಲ್ಲ. ಶಾಫ್ಟಿನ ಬುಷ್ ಸವೆದು ಪಕ್ಕಕ್ಕೆ ಅಲುಗಾಡುತ್ತಿದ್ದರೆ ಪಾಯಿಂಟಿಗಿಂತ ಹಾಲ್ ಕಿಟ್ ಸ್ವಲ್ಪ ಹೆಚ್ಚು ಸಹಿಸಿಕೊಳ್ಳುತ್ತದೆ ಅಷ್ಟೇ. ಟೈಮಿಂಗ್ ಚದುರುವುದು ನಿಲ್ಲುವುದಿಲ್ಲ.

ಇನ್ನು ದೋಷಗಳು. ದೊಡ್ಡ ದೋಷ ಒಂದೇ: ಮೊದಲ ತಲೆಮಾರಿನ ಇಗ್ನೈಟರ್‌ನಲ್ಲಿ ಕೀ ಆನ್ ಇಟ್ಟು ಎಂಜಿನ್ ನಿಲ್ಲಿಸಿ ಕೂರುವಂತಿಲ್ಲ. ಅಯಸ್ಕಾಂತ ಎದುರು ಬಂದು ನಿಂತರೆ 4 ಆಂಪಿಯರ್ ಬಿಡದೆ ಹರಿದು ಕಾಯಿಲೂ ಮಾಡ್ಯೂಲೂ ಬಿಸಿಯೇರುತ್ತವೆ. ಪಾಯಿಂಟ್ ಆಗಿದ್ದರೆ ಕಾಯಿಲ್ ಬಿಸಿಯಾಗುತ್ತಿತ್ತು, ಮತ್ತೆ ಆರುತ್ತಿತ್ತು. ಮಾಡ್ಯೂಲ್ ಮಾತ್ರ ಸುಟ್ಟೇ ಹೋಗುತ್ತದೆ. ರೇಡಿಯೊ ಕೇಳಬೇಕಿದ್ದರೆ ಆಕ್ಸೆಸರಿ ಸ್ಥಾನಕ್ಕೆ ಕೀ ಇಡಿ. ವೈರಿಂಗ್ ಪರೀಕ್ಷೆ ಮಾಡುವಾಗ ಕೆಂಪು ತಂತಿ ಕಳಚಿಡಿ. ಎರಡನೆಯದು, 60ರ ದಶಕದ ಗಾಡಿಗಳ ಕರೆಂಟ್ ಆಧಾರಿತ ಟ್ಯಾಕೊಮೀಟರ್ ಕಿಟ್ ಹಾಕಿದ ಮೇಲೆ ಮುಳ್ಳು ಕುಣಿಸಬಹುದು. ಮೂರನೆಯದೇ ಇಲ್ಲಿ ಹೆಚ್ಚು ಮುಖ್ಯ: ಪಾಯಿಂಟ್ ಕೆಡುವ ಮುಂಚೆ ನೋಟಿಸ್ ಕೊಡುತ್ತದೆ, ಮಾಡ್ಯೂಲ್ ಕೊಡುವುದಿಲ್ಲ. ಅರಬೈಲ್ ಘಟ್ಟದ ನಡುವೆ, ಮುಂದೆ ಹಿಂದೆ ಅದಿರು, ಮರಳಿನ ಲಾರಿಗಳ ಸಾಲಿನಲ್ಲಿ ಗಾಡಿ ಧುತ್ತೆಂದು ನಿಂತರೆ ಎಮರಿ ಪೇಪರಿನಿಂದ ಆಗುವ ಕೆಲಸ ಏನೂ ಇರುವುದಿಲ್ಲ.

ಹಾಗೆ ನಿಂತಾಗ ಮಾಡ್ಯೂಲ್ ಸತ್ತಿದೆಯೋ ಬೇರೆಯದೋ ತಿಳಿಯುವ ದಾರಿ ಇದೆ. ಮೀಟರನ್ನು ಕಾಯಿಲ್ ಮೈನಸ್ಸಿಗೂ ಅರ್ಥಿಗೂ ಇಟ್ಟು, ಕೀ ಆನ್ ಮಾಡಿ, ಟಾಪ್ ಗೇರಿನಲ್ಲಿ ಗಾಡಿಯನ್ನು ನಿಧಾನ ತಳ್ಳಿ. ಓದಿಕೆ ಒಂದೆರಡು ವೋಲ್ಟ್‌ಗೂ 12ಕ್ಕೂ ನಡುವೆ ಏರಿಳಿದರೆ ಮಾಡ್ಯೂಲ್ ಬದುಕಿದೆ. ಕಾಯಿಲ್, ದಪ್ಪ ವೈರ್, ರೋಟರ್ ನೋಡಿ. ಏರಿಳಿಯದಿದ್ದರೆ ಕೆಂಪು ತಂತಿಯಲ್ಲಿ ವೋಲ್ಟೇಜ್ ಇದೆಯೇ, ಬೇಸ್ ಪ್ಲೇಟ್ ಅರ್ಥ್ ಇದೆಯೇ, ಉಂಗುರ ಮೇಲೆದ್ದಿದೆಯೇ ನೋಡಿ. ಮೂರೂ ಸರಿಯಿದ್ದರೆ ಮಾತ್ರ ಮಾಡ್ಯೂಲ್ ಮೇಲೆ ಅನುಮಾನ. ರೋಟರ್ ಪರೀಕ್ಷೆಗೆ ಕಾಯಿಲ್‌ನ ದಪ್ಪ ವೈರನ್ನು ಇನ್ಸುಲೇಟೆಡ್ ಇಕ್ಕಳದಿಂದ ಹಿಡಿದು ರೋಟರಿನ ಹಿತ್ತಾಳೆಯಿಂದ 3 ಮಿ.ಮೀ. ಮೇಲಿಟ್ಟು ಸೆಲ್ಫ್ ಹೊಡೆಸಿ. ಕಿಡಿ ರೋಟರಿಗೆ ಹಾರಿದರೆ ಅದು ಪ್ಲಾಸ್ಟಿಕ್ ಸೀಳಿ ಶಾಫ್ಟಿಗೆ ಇಳಿಯುತ್ತಿದೆ, ರೋಟರ್ ಬದಲಿಸಿ. ಹಿತ್ತಾಳೆ ಪಟ್ಟಿಯನ್ನು ರಿವೆಟ್ ಹೊಡೆದು ಕೂರಿಸಿದ ಅಗ್ಗದ ರೋಟರ್‌ಗಳು ಇದರಲ್ಲಿ ಕುಖ್ಯಾತ.

ದೇವಿಮನೆ ಘಟ್ಟ ಹತ್ತಿ, ಮೇಲೆ ಚಹಾ ಕುಡಿದು ಬರುವಷ್ಟರಲ್ಲಿ ಸ್ಟಾರ್ಟ್ ಆಗದಿದ್ದರೆ ಅದನ್ನು ಇಗ್ನಿಷನ್ ತಲೆಗೆ ಕಟ್ಟಬೇಡಿ. ಎಂಜಿಬಿಯಲ್ಲಿ ಎರಡು ಎಸ್‌ಯು ಕಾರ್ಬೊರೇಟರೂ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಇವೆ. ಎಂಜಿನ್ ನಿಂತ ಮೇಲೆ ಕಾವು ಏರಿ ಫ್ಲೋಟ್ ಚೇಂಬರಿನ ಪೆಟ್ರೋಲ್ ಆವಿಯಾಗುತ್ತದೆ. ಎಥೆನಾಲ್ ಬೆರೆತ ಈಗಿನ ಪೆಟ್ರೋಲಿನಲ್ಲಿ ಈ ಕಾಟ ಹೆಚ್ಚು. ಕಿಡಿ ಬಲವಾಗಿ ಬರುತ್ತಿದ್ದರೆ ಬಾನೆಟ್ ತೆರೆದು ಹತ್ತು ನಿಮಿಷ ಬಿಡಿ, ಫ್ಲೋಟ್ ಚೇಂಬರ್ ಮೇಲೆ ಒದ್ದೆ ಬಟ್ಟೆ ಹಾಕಿ. ಶಾಶ್ವತ ಉಪಾಯ ಹೀಟ್ ಶೀಲ್ಡ್, ಮತ್ತು ಎಥೆನಾಲ್ ತಡೆಯುವ ಹೊಸ ರಬ್ಬರ್ ಪೈಪ್. ಇ20 (ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್) ಹಾಕಿದ ಗಾಡಿ ಬಡಕಲು ಮಿಶ್ರಣದಲ್ಲಿ ಓಡುತ್ತದೆ, ಕಾರ್ಬೊರೇಟರ್ ಕೆಳಗಿನ ಜೆಟ್ ನಟ್ ಒಂದೆರಡು ಮುಖ ಕೆಳಗಿಳಿಸಿ ಪ್ಲಗ್ ಬಣ್ಣ ನೋಡಿ. ಒಂದು ಮುಖ ಎಂದರೆ ಸುತ್ತಿನ ಆರನೇ ಒಂದು ಭಾಗ.

ಪರ್ಯಾಯಗಳ ಮಾತು ಚಿಕ್ಕದು. ಲ್ಯೂಮಿನಿಷನ್ ಕಿಟ್ ಬೆಳಕಿನ ಕಿರಣ ಕಡಿದು ಕೆಲಸ ಮಾಡುತ್ತದೆ, ಅದರ ಪವರ್ ಪೆಟ್ಟಿಗೆ ಹೊರಗಿರುತ್ತದೆ. ಡಚ್ಚರ 123 ಇಗ್ನಿಷನ್ ಇಡೀ ಡಿಸ್ಟ್ರಿಬ್ಯೂಟರನ್ನೇ ಬದಲಿಸುತ್ತದೆ. ಬುಷ್, ತೂಕ, ಸ್ಪ್ರಿಂಗ್ ಎಲ್ಲವೂ ಹೋದ ಡಿಸ್ಟ್ರಿಬ್ಯೂಟರ್ ಇದ್ದವರಿಗೆ ಖರ್ಚು ಹೆಚ್ಚಾದರೂ ಅದೇ ಲೇಸು. ಡಿಸ್ಟ್ರಿಬ್ಯೂಟರ್ ಗಟ್ಟಿಯಿದ್ದು, ತಿಂಗಳಿಗೆ ನಾಲ್ಕು ಸಲ ಗಾಡಿ ಹೊರತೆಗೆದು ಹೆದ್ದಾರಿ 66ರ ಮೇಲೆ ಗೋಕರ್ಣದವರೆಗೆ ಹೋಗಿ ಬರುವವರಿಗೆ ಒಳ್ಳೆಯ ಪಾಯಿಂಟೇ ಸಾಕು, ಕಿಟ್ ಬೇಕೇ ಬೇಕು ಎಂದೇನಿಲ್ಲ. ಮಳೆಯಲ್ಲೂ ಓಡಿಸುವವರು, ಘಟ್ಟ ಹತ್ತಿ ಇಳಿಯುವವರು ಹಾಕಿಸಿಕೊಳ್ಳಲಿ.

ಹಾಕಿಸಿಕೊಂಡವರು ಡಿಕ್ಕಿಯಲ್ಲಿ ಇಷ್ಟು ಇಟ್ಟಿರಬೇಕು: ಗ್ಯಾಪ್ ಸರಿಮಾಡಿ ಪ್ಲೇಟಿಗೆ ಬಿಗಿದಿಟ್ಟ ಹಳೆಯ ಪಾಯಿಂಟ್, ಕಂಡೆನ್ಸರ್, ಒಂದು ರೋಟರ್, 0.015 ಇಂಚಿನ ಫೀಲರ್ ಗೇಜ್, ಚಿಕ್ಕ ಸ್ಕ್ರೂಡ್ರೈವರ್. ಪಾಯಿಂಟ್, ಕಂಡೆನ್ಸರ್ ಹುಬ್ಬಳ್ಳಿಯಲ್ಲೋ ಮಡಗಾಂವ್‌ನಲ್ಲೋ ಅಂಬಾಸಡರ್ ಬಿಡಿಭಾಗದ ಹಳೆಯ ಅಂಗಡಿಗಳಲ್ಲಿ ಹುಡುಕಿ. ಕೊಳ್ಳುವಾಗ ನಿಮ್ಮ ಹಳೆಯ ಪಾಯಿಂಟ್ ಪಕ್ಕಕ್ಕಿಟ್ಟು ಪಿವಟ್ ರಂಧ್ರ, ಹೀಲ್ ಎತ್ತರ ಹೋಲಿಸಿ. ಕಂಡೆನ್ಸರಿನ ಮೌಲ್ಯ 0.18 ರಿಂದ 0.25 ಮೈಕ್ರೊಫ್ಯಾರಡ್ ನಡುವೆ ಬರಬೇಕು. ಈಗಿನ ಸಾಧಾರಣ ಮಲ್ಟಿಮೀಟರ್‌ನಲ್ಲೂ ಅಳೆಯಬಹುದು, ಅಂಗಡಿಯಲ್ಲೇ ಅಳೆದು ತೆಗೆದುಕೊಳ್ಳಿ.